ಇಬ್ರಾಹಿಂ ಮಾಷ್ಟ್ರು ಸ್ವಾಗತ ಮಾಡಿದ ಬಗೆ

ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲು ತಳ್ಳುತ್ತಿದ್ದಂತೆ ಏಲಕ್ಕಿಯ ಪರಿಮಳ ಮೂಗಿಗೆ ಬಡಿಯಿತು. ರಿಯಾದಿನ ನಮ್ಮ ಭಾರತೀಯ ಶಾಲೆಯ ಹುಡುಗರ ವಿಭಾಗದಲ್ಲಿ ಆ ಪರಿಮಳಕ್ಕೆ ಒಂದೇ ಅರ್ಥ: ಹೊಸ ಮಾಷ್ಟ್ರುಗಳು ಬಂದಿದ್ದಾರೆ. ಫ್ಲಾಸ್ಕಿನಲ್ಲಿ ಬಿಸಿ ಗಹ್ವಾ, ತಟ್ಟೆಯಲ್ಲಿ ಖರ್ಜೂರ. ಈ ಸಲ ಸ್ವಾಗತ ಭಾಷಣ ನನ್ನ ಪಾಲಿಗೆ ಬಂದಿತ್ತು. ಎರಡು ಪುಟ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ.

ನೀವು ಗಹ್ವಾ ಕುಡಿದಿದ್ದೀರೋ ಇಲ್ಲವೋ. ಅರಬರ ಕಾಫಿ ಅದು. ಹಾಲಿಲ್ಲ, ಸಕ್ಕರೆಯಿಲ್ಲ, ಎರಡು ಗುಟುಕಿನಷ್ಟು ಸಣ್ಣ ಬಟ್ಟಲು. ಸಾಕೆನಿಸಿದರೆ ಬಟ್ಟಲನ್ನು ಕೊಂಚ ಅಲ್ಲಾಡಿಸಬೇಕು, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ. ಹನ್ನೆರಡು ವರ್ಷದ ಹಿಂದೆ ನಾನು ಇಲ್ಲಿಗೆ ಬಂದ ದಿನ ಇದು ಗೊತ್ತಿರಲಿಲ್ಲ. ಉಡುಪಿ ಕಡೆಯವನು ನಾನು, ಬಡಿಸಿದ್ದನ್ನು ಬೇಡ ಎಂದು ಹೇಳಿ ಅಭ್ಯಾಸವಿಲ್ಲ. ಒಂಬತ್ತು ಬಟ್ಟಲು ಕುಡಿದೆ. ಹತ್ತನೆಯದಕ್ಕೆ ಪಕ್ಕದಲ್ಲಿದ್ದವರು ನನ್ನ ಮಣಿಕಟ್ಟು ಹಿಡಿದು ತಾವೇ ಅಲ್ಲಾಡಿಸಿಬಿಟ್ಟರು.

"ಸಾಕು ಮಾರಾಯ್ರೆ, ಮತ್ತೆ ಪಾಠದ ಮಧ್ಯೆ ಎದ್ದು ಓಡ್ಬೇಕಾದೀತು."

ಹಾಗೆ ಪರಿಚಯವಾದವರು ಇಬ್ರಾಹಿಂ ಮಾಷ್ಟ್ರು. ಪುತ್ತೂರಿನ ಕಡೆಯವರು, ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನೆರೆತ ಗಡ್ಡ, ಬೇಸಿಗೆಯಲ್ಲೂ ಬಿಡದ ಒಂದು ಬೂದು ಸ್ವೆಟರು. ತರಗತಿಯ ಎಸಿ ತಮಗೆ ಆಗುವುದಿಲ್ಲ ಎನ್ನುತ್ತಿದ್ದರು. ಹೊರಗೆ ಬಿಸಿಲು ಡಾಂಬರನ್ನು ಕರಗಿಸುತ್ತಿರುವಾಗ ಸ್ವೆಟರು ಹಾಕಿಕೊಂಡು ನಡೆಯುವ ಆ ಮನುಷ್ಯನನ್ನು ನೋಡಿ, ಇವರಷ್ಟು ವರ್ಷ ಇಲ್ಲಿದ್ದರೆ ನನ್ನ ಗತಿಯೂ ಇದೇ ಏನೋ ಎಂದು ಒಳಗೇ ಗಾಬರಿಯಾದೆ.

ಅಷ್ಟು ವರ್ಷ ಇರುವ ಪ್ರಶ್ನೆಯೇ ಬರುವುದಿಲ್ಲವೆಂದು ನಾಲ್ಕೇ ದಿನದಲ್ಲಿ ಖಾತ್ರಿಯಾಯಿತು. ನನ್ನದು ಭೌತಶಾಸ್ತ್ರ. ಊರಿನ ಕಾಲೇಜಿನಲ್ಲಿ ನಾನು ಬೋರ್ಡಿನತ್ತ ತಿರುಗಿದರೆ ಬೆನ್ನ ಹಿಂದೆ ಸದ್ದಿರುತ್ತಿರಲಿಲ್ಲ. ಇಲ್ಲಿ ಹನ್ನೆರಡನೇ ತರಗತಿಯ ನಲವತ್ತು ಹುಡುಗರು ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಜಗಳವಾಡಿ ಬೆಳೆದವರು. ನನ್ನ ಬಾಯಲ್ಲಿ ಬಲ್ಬ್ ಎಂಬುದು ಬಲ್ಬು, ಸ್ವಿಚ್ ಎಂಬುದು ಸ್ವಿಚ್ಚು. ನಾನು "ಬಲ್ಬು" ಅನ್ನುವುದೇ ತಡ, ಹಿಂದಿನ ಬೆಂಚಿನಿಂದ "ಊ..." ಎಂದು ಭಜನೆಯ ಹಾಗೆ ಎಳೆಯುತ್ತಿದ್ದರು. ಗದರಿಸಿದೆ. ಗದರಿಕೆಯ ಕೊನೆಗೂ ಒಂದು ಊ ಸೇರಿಕೊಂಡಿತು. ಇಡೀ ತರಗತಿ ನಕ್ಕಿತು.

ಸ್ಟಾಫ್ ರೂಮಿಗೆ ಬಂದು ಇಬ್ರಾಹಿಂ ಮಾಷ್ಟ್ರ ಹತ್ತಿರ ಹೇಳಿದೆ, "ನನ್ನಿಂದ ಆಗುವುದಿಲ್ಲ. ಇಕಾಮಾ ಕೈಗೆ ಬರುವ ಮೊದಲೇ ಊರಿಗೆ ಹೋಗ್ತೇನೆ." ಇಕಾಮಾ ಎಂದರೆ ಇಲ್ಲಿ ವಾಸಿಸಲು ಕೊಡುವ ಪರವಾನಗಿ.

ಅವರು ಸಮಾಧಾನ ಹೇಳಲಿಲ್ಲ. ಉತ್ತರಪತ್ರಿಕೆ ತಿದ್ದುತ್ತಲೇ ಕೇಳಿದರು, "ನಾಳೆ ಎಂತ ಪಾಠ?"

"ವಿದ್ಯುತ್ತು."

"ಎಷ್ಟನೇ ಪಿರಿಯಡು?"

"ಮೂರನೆಯದ್ದು."

"ಓ, ನನಗೆ ಆಗ ಬಿಡುವು ಉಂಟು," ಎಂದು ಮತ್ತೆ ಕೆಂಪು ಪೆನ್ನಿಗೆ ತಿರುಗಿದರು. ನನಗೆ ಸಿಟ್ಟೇ ಬಂತು.

ಮರುದಿನ ಮೂರನೇ ಪಿರಿಯಡಿಗೆ ಅವರು ಸ್ವೆಟರಿನ ಸಮೇತ ಬಂದು ಕೊನೆಯ ಬೆಂಚಿನಲ್ಲಿ, ಭಜನೆಯವರ ನಡುವೆ ಕೂತರು. ತಂತಿಯೊಳಗೆ ಎಲೆಕ್ಟ್ರಾನುಗಳು ಇರುವೆಗಿಂತಲೂ ನಿಧಾನವಾಗಿ ಸರಿಯುತ್ತವೆ ಎಂದು ನಾನು ಹೇಳಿದೆ. ಕೂಡಲೇ ಹಿಂದಿನಿಂದ ಒಂದು ಕೈ ಮೇಲೆದ್ದಿತು. ಇಬ್ರಾಹಿಂ ಮಾಷ್ಟ್ರದ್ದು.

"ಸಾರ್," ಎಂದರು ಎದ್ದು ನಿಂತು, ನನಗಿಂತ ದಪ್ಪ ಕರಾವಳಿ ಇಂಗ್ಲಿಷಿನಲ್ಲಿ. "ಇರುವೆಗಿಂತ ನಿಧಾನವಾದರೆ, ಇಲ್ಲಿ ಸ್ವಿಚ್ಚು ಒತ್ತಿದ ಕೂಡಲೇ ಅಲ್ಲಿ ಬಲ್ಬು ಹೇಗೆ ಉರಿಯುತ್ತದೆ?"

ಒಂದೇ ವಾಕ್ಯದಲ್ಲಿ ಸ್ವಿಚ್ಚು, ಬಲ್ಬು ಎರಡೂ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಷ್ಟ್ರು ಕದಲಲಿಲ್ಲ, ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು. ನಗು ತಾನಾಗಿಯೇ ಇಳಿಯಿತು. ಇಳಿದ ಮೇಲೆ ಎಲ್ಲರಿಗೂ ಗೊತ್ತಾಯಿತು, ಪ್ರಶ್ನೆ ಒಳ್ಳೆಯದೇ ಇದೆ.

ನಾನು ಬಾಯಿ ತೆರೆಯುವ ಮೊದಲೇ ಫೈಸಲ್ ಎಂಬ ಹೈದರಾಬಾದಿನ ಹುಡುಗ ಎದ್ದ. ಭಜನೆಯಲ್ಲಿ ಅವನದೇ ಮೇಲಿನ ಸ್ವರ. "ಕ್ಯಾಂಟೀನಿನ ಸಾಲಿನ ಹಾಗೆ ಸಾರ್! ಹಿಂದಿನವನು ನೂಕಿದರೆ ಅವನು ಅಲ್ಲೇ ಇರ್ತಾನೆ, ಮುಂದಿನವನು ಕೌಂಟರಿಗೆ ಬೀಳ್ತಾನೆ." ಮಾಷ್ಟ್ರು ಅನುಮಾನದಿಂದ ತಲೆಯಾಡಿಸಿದರು. ಅವರಿಗೆ ತೋರಿಸಿಯೇ ತೀರಬೇಕೆಂದು ಹನ್ನೆರಡು ಹುಡುಗರು ಎದ್ದು ಗೋಡೆಯಿಂದ ಬಾಗಿಲಿನವರೆಗೆ ಸಾಲು ನಿಂತರು. ಫೈಸಲ್ ಹಿಂದಿನಿಂದ ನೂಕಿದ. ಆ ತುದಿಯಲ್ಲಿದ್ದವನು ಬಾಗಿಲಾಚೆ ಹೋಗಿ, ಅದೇ ಹೊತ್ತಿಗೆ ಕಾರಿಡಾರಿನಲ್ಲಿ ಬರುತ್ತಿದ್ದ ಪ್ರಿನ್ಸಿಪಾಲರ ಎದೆಗೆ ಬಿದ್ದ.

ನಾನು ನಕ್ಕೆ. ಈ ದೇಶಕ್ಕೆ ಬಂದ ಮೇಲೆ ಅದು ನನ್ನ ಮೊದಲ ನಗು. ಪ್ರಿನ್ಸಿಪಾಲರಿಗೆ ಏನು ಹೇಳಿದೆನೋ ನೆನಪಿಲ್ಲ. ಆದರೆ ಗಂಟೆ ಹೊಡೆದ ಮೇಲೂ ನಾಲ್ಕು ಹುಡುಗರು ನನ್ನ ಮೇಜಿನ ಸುತ್ತ ನಿಂತು ಜಗಳವಾಡುತ್ತಿದ್ದರು, ತಂತಿಯ ಬಗ್ಗೆ. ನಾನು ಊರಿಗೆ ಹೋಗಲಿಲ್ಲ. ಊ ಕೂಡ ಹೋಗಲಿಲ್ಲ. ನಾನು "ಬಲ್ಬು" ಎಂದಾಗಲೆಲ್ಲ ಹುಡುಗರೂ ಎಳೆಯುತ್ತಿದ್ದರು, ನಾನೂ ಬೇಕೆಂದೇ ಇನ್ನಷ್ಟು ಎಳೆಯುತ್ತಿದ್ದೆ.

ಆರು ವರ್ಷ ಕಳೆದು ಮಾಷ್ಟ್ರು ಕೆಲಸ ಬಿಟ್ಟು ಊರಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ಕೈ ಹಿಡಿದು ಹೇಳಿದೆ, "ಅವತ್ತು ನನಗೋಸ್ಕರ ನೀವು ನಾಟಕ ಮಾಡದೆ ಇದ್ದಿದ್ರೆ ನಾನು ಇಲ್ಲಿ ಇರ್ತಿರ್ಲಿಲ್ಲ."

ಅವರು ಕಣ್ಣು ಕಿರಿದು ಮಾಡಿದರು. "ಎಂತ ನಾಟಕ ಮಾರಾಯ್ರೆ? ನಾನು ಕಲಿತ ಶಾಲೆಯಲ್ಲಿ ವಿಜ್ಞಾನಕ್ಕೆ ಮಾಷ್ಟ್ರೇ ಇರ್ಲಿಲ್ಲ. ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ." ನಗದೆಯೇ ಹೇಳಿದರು. ಅದು ನಿಜವೋ, ನನ್ನ ಋಣ ಹಗುರ ಮಾಡಲು ಹೇಳಿದ ಮಾತೋ, ನನಗೆ ಇವತ್ತಿಗೂ ತಿಳಿಯದು.

ಇವತ್ತು ಬಂದ ಹೊಸಬರಲ್ಲಿ ಬೈಂದೂರಿನ ಒಬ್ಬ ತರುಣನಿದ್ದ, ಪ್ರವೀಣ ಎಂದು ಹೆಸರು, ಗಣಿತದವನು. ನನ್ನ ಭಾಷಣ ಮುಗಿಯುವಷ್ಟರಲ್ಲಿ ಅವನ ಕಾಲರು ಬೆವರಿಗೆ ಒದ್ದೆಯಾಗಿತ್ತು. ಎರಡು ಪಿರಿಯಡು ಮುಗಿಸಿ ಬಂದವನ ಮುಖ ನೋಡಿದರೆ ಏನಾಯಿತೆಂದು ಕೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷದ ಅನುಭವವೆಲ್ಲ ಉಪದೇಶವಾಗಿ ನಾಲಿಗೆಯ ತುದಿಗೆ ಬಂತು. ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅವನೇ ಕೇಳಿದ, "ಸರ್, ನಾಳೆ ನಿಮ್ಮ ಕ್ಲಾಸಲ್ಲಿ ಹಿಂದೆ ಕೂತು ನೋಡಬಹುದಾ? ನೀವು ಹೇಗೆ ಮಾಡ್ತೀರಿ ಅಂತ?"

ನನ್ನ ಪಾಠ ನೆನೆದು ನನಗೇ ಅಳುಕಾಯಿತು. ಎಷ್ಟೋ ವರ್ಷದಿಂದ ಅದೇ ನೋಟ್ಸು, ಅದೇ ಜೋಕು, ಅದೇ ಜಾಗದಲ್ಲಿ. ನನ್ನ ಪಾಠವನ್ನು ಯಾರಾದರೂ ನೋಡಲು ಬಂದು ಎಷ್ಟು ಕಾಲವಾಯಿತು! "ಬನ್ನಿ, ಬನ್ನಿ," ಎಂದುಬಿಟ್ಟೆ.

ಮನೆಗೆ ಬಂದು ಸಂಜೆಯಿಂದ ನಾಳೆಯ ಪಾಠ ತಯಾರು ಮಾಡುತ್ತಿದ್ದೇನೆ. ಹೆಂಡತಿ ಎರಡು ಸಲ ಬಂದು ಇಣುಕಿ ಹೋದಳು. ಮೂರನೇ ಸಲ ಕೇಳಿಯೇಬಿಟ್ಟಳು, "ಎಂತ, ನಾಳೆ ನಿಮಗೆ ಪರೀಕ್ಷೆಯಾ?"

ಹೌದೆಂದೆ.