ಸ್ವಿಚ್ಚಿಗೆ ಸ್ವಿಚ್ಚಿಲ್ಲ

ನಾನು ಡಿಪ್ಲೊಮಾದಲ್ಲಿ ಓದಿದ್ದು ಕಂಪ್ಯೂಟರ್ ನೆಟ್‌ವರ್ಕ್. ಊರಲ್ಲಿ ಹಾಗೆ ಹೇಳಿದರೆ ಸಾಕು, ‘ಹಂಗಾದ್ರೆ ನಮ್ಮ ಹಿತ್ಲಲ್ಲಿ ನೆಟ್‌ವರ್ಕ್ ಸಿಗೋ ಹಂಗೆ ಮಾಡವ್ವ, ಫೋನ್ ಬಂದ್ರೆ ರೋಡಿಗೆ ಓಡ್ಬೇಕು’ ಎಂದು ಕಿಚಾಯಿಸುತ್ತಿದ್ದರು. ಕುದೂರಿನಲ್ಲಿ ರಾಗಿ ಮಿಲ್ಲು ನಡೆಸುವ ಅಪ್ಪನದು ಇನ್ನೊಂದು ಬಗೆ. ಕಾಲೇಜಲ್ಲಿ ಏನು ಹೇಳಿಕೊಡುತ್ತಾರೆ ಎಂದು ಕೇಳಿದಾಗ ನಾನು ‘ಸ್ವಿಚ್ಚು’ ಎಂದುಬಿಟ್ಟೆ. ಅಪ್ಪ ಮಿಲ್ಲಿನ ಗೋಡೆಯ ಕಡೆ ಕೈ ತೋರಿಸಿ, ‘ಅದುನ್ನ ಒತ್ತೋದು ಕಲಿಯಾಕೆ ಮೂರ್ ವರ್ಸ ಬೇಕೇನವ್ವ?’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ನಮ್ಮ ಸ್ವಿಚ್ಚು ಗೋಡೆಯ ಸ್ವಿಚ್ಚಲ್ಲ, ಒಂದು ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ತಂತಿಯಲ್ಲಿ ಸೇರಿಸುವ ಚಪ್ಪಟೆ ಪೆಟ್ಟಿಗೆ ಎಂದು ವಿವರಿಸಿದೆ. ನನಗೆ ಆ ಪೆಟ್ಟಿಗೆಯ ಮೇಲೆ ನಿಜಕ್ಕೂ ಆಸೆಯಿತ್ತು. ಕಾರ್ಖಾನೆಯಲ್ಲೋ ಆಸ್ಪತ್ರೆಯಲ್ಲೋ ಕಂಪ್ಯೂಟರುಗಳು ಕೈಕೊಟ್ಟಾಗ ಜನ ನನ್ನನ್ನು ಕರೆಯಬೇಕು, ನಾನು ಹೋಗಿ ಸರಿ ಮಾಡಿ ಬರಬೇಕು. ನಾನು ಬಯಸಿದ್ದು ಇಷ್ಟೇ, ಇದಕ್ಕಿಂತ ಹೆಚ್ಚೇನೂ ಅಲ್ಲ.

ಕಾಲೇಜು ಇದ್ದದ್ದು ರಾಮನಗರದ ಹತ್ತಿರ. ಲ್ಯಾಬಿನ ಒಂದು ಮೂಲೆಯಲ್ಲಿ ಗಾಜಿನ ಬೀರು. ಅದರೊಳಗೆ ಸ್ವಿಚ್ಚುಗಳು, ರೌಟರುಗಳು, ಮಡಿಕೆ ಬಿಚ್ಚದ ತಂತಿಗಳು. ಬೀರುವಿಗೆ ಬೀಗ. ಬೀಗದ ಕೈ ನಮ್ಮ ವಿಭಾಗದ ಮುಖ್ಯಸ್ಥರ ಜೇಬಿನಲ್ಲಿ. ಒಂದು ದಿನ ತಡೆಯಲಾರದೆ, ‘ಸರ್, ಒಂದು ಸಲ ಕೊಡಿ, ನೋಡಿ ಕೊಡ್ತೀವಿ’ ಎಂದು ಕೇಳಿದೆ. ‘ನೀವು ಕೆಡಿಸಿ ಇಟ್ರೆ ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ನಾನೇನಮ್ಮ ತೋರಿಸ್ಲಿ?’ ಎಂದರು. ಬರುವವರಿಗೆ ತೋರಿಸುವುದಕ್ಕೆ ಕೊಂಡದ್ದು, ಓದುವವರಿಗೆ ಅಲ್ಲ. ಅದನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ, ಆಗ ನನಗೂ ಅದು ನ್ಯಾಯವೇ ಅನ್ನಿಸಿತು.

ಬೀರು ತೆಗೆಯುತ್ತಿದ್ದದ್ದು ಆಯುಧಪೂಜೆಯ ದಿನ ಮಾತ್ರ. ನಾವೇ ಧೂಳು ಒರೆಸಿ, ಸ್ವಿಚ್ಚುಗಳಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸುತ್ತಿದ್ದೆವು. ತಂತಿ ಸಿಗಿಸಬೇಕಾದ ತೂತುಗಳಲ್ಲಿ ಹಿಂದಿನ ವರ್ಷದ ಕುಂಕುಮ ಹಾಗೇ ಕೂತಿರುತ್ತಿತ್ತು. ಮಂಗಳಾರತಿ ಮುಗಿದು ಕಡಲೆಪುರಿ ಹಂಚಿದ ಮೇಲೆ ಮತ್ತೆ ಬೀಗ. ಅವುಗಳ ದೀಪ ಹತ್ತಿದ್ದನ್ನು ನಾನು ನೋಡಲೇ ಇಲ್ಲ.

ಹಾಗಾದರೆ ಕಲಿತದ್ದೆಲ್ಲಿ? ಕಂಪ್ಯೂಟರಿನ ಪರದೆಯ ಮೇಲೆ. ಅದರಲ್ಲಿ ಸ್ವಿಚ್ಚಿನ ಚಿತ್ರ ಇರುತ್ತದೆ. ಎಳೆದು ತಂದು ಇಡಬೇಕು, ಗೆರೆ ಎಳೆದರೆ ಅದೇ ತಂತಿ, ಕಮಾಂಡು ಟೈಪ್ ಮಾಡಿದರೆ ಹಸಿರು ಚುಕ್ಕಿ ಮಿನುಗುತ್ತದೆ. ಅಡುಗೆಮನೆಯ ಚಿತ್ರ ಬರೆದು ಊಟ ಬಡಿಸಿದ ಹಾಗೆ. ಆದರೂ ಅದರಲ್ಲಿ ನಾನು ಪಳಗಿಬಿಟ್ಟಿದ್ದೆ. ಮಿಕ್ಕವರು ಚಿತ್ರದಲ್ಲಿ ಮಾಡಿದ ತಪ್ಪನ್ನು ನಾನೇ ಹುಡುಕಿಕೊಡುತ್ತಿದ್ದೆ. ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದೆ. ಕಾಲೇಜಿನವರು ಶಾಲು ಹೊದಿಸಿದರು.

ಆಮೇಲೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ನೆಟ್‌ವರ್ಕ್ ಟ್ರೇನಿ, ಒಂದೇ ಜಾಗ. ಬಾಯಿಮಾತಿನ ಪ್ರಶ್ನೆಗಳಿಗೆಲ್ಲ ಪಟಪಟ ಉತ್ತರ ಕೊಟ್ಟೆ. ಅಲ್ಲಿನ ಎಂಜಿನಿಯರ್ ಮುಖ ಅರಳಿತು. ‘ಪರವಾಗಿಲ್ವೇ, ಬಾಮ್ಮ’ ಎಂದು ಒಳಗೆ ಕರೆದುಕೊಂಡು ಹೋಗಿ ಮೇಜಿನ ಮೇಲೆ ಒಂದು ಸ್ವಿಚ್ಚು, ಎರಡು ಕಂಪ್ಯೂಟರು ಇಟ್ಟರು. ‘ಇದನ್ನ ಆನ್ ಮಾಡಿ, ಎರಡೂ ಸೇರ್ಸಿ ತೋರ್ಸು’ ಎಂದರು.

ಕರೆಂಟಿನ ವೈರು ಚುಚ್ಚಿದೆ. ಆಮೇಲೆ ಆನ್ ಮಾಡುವ ಗುಂಡಿ ಹುಡುಕಿದೆ. ಮುಂದೆ ಇಲ್ಲ, ಹಿಂದೆ ಇಲ್ಲ. ಎತ್ತಿ ತಳ ನೋಡಿದೆ. ಕೊನೆಗೆ ಕೇಳಿಯೇಬಿಟ್ಟೆ: ‘ಸರ್, ಇದರ ಸ್ವಿಚ್ಚೆಲ್ಲಿದೆ?’

‘ಏನಮ್ಮ, ಸ್ವಿಚ್ಚಿಗೇ ಸ್ವಿಚ್ಚು ಕೇಳ್ತೀಯಾ?’ ಎಂದು ಅವರು ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ಅದಕ್ಕೆ ಗುಂಡಿಯೇ ಇರುವುದಿಲ್ಲವಂತೆ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟಿದ್ದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ನಾನು ಗೋಡೆಯ ಸ್ವಿಚ್ಚನ್ನೇ ಹಾಕಿರಲಿಲ್ಲ. ಅವರು ಹಾಕಿದರು. ಪೆಟ್ಟಿಗೆ ಬುಸ್ ಎಂದು ಗಾಳಿ ಉಗುಳಿದಾಗ ನಾನು ಬೆಚ್ಚಿ ಹಿಂದೆ ಸರಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ‘ಒಂದು ದಿನಾನೂ ಮುಟ್ಟಿಲ್ವಾ?’ ಎಂದು ಅವರು ಕೇಳಿದರು. ಕುಂಕುಮ ಇಟ್ಟಿದ್ದೀನಿ ಸರ್ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಆ ನಗುವನ್ನು ಈಗ ನೆನೆದರೂ ಮೈ ಉರಿಯುತ್ತದೆ. ಅವರ ಮೇಲಲ್ಲ ಸಿಟ್ಟು.

ಹೊರಗೆ ಕೂತಿದ್ದಾಗ ಆಫೀಸಿನವರು ಕರೆದು, ಪ್ಯಾಕಿಂಗ್‌ನಲ್ಲಿ ಜಾಗ ಖಾಲಿ ಇದೆ, ಸೇರುತ್ತೀಯಾ ಎಂದರು. ಬರಿಗೈಲಿ ಊರಿಗೆ ಹೋಗುವ ಮುಖ ಇರಲಿಲ್ಲ. ಸೇರಿದೆ. ರಾಮನಗರದಲ್ಲಿ ರೂಮು, ಕಂಪನಿ ಬಸ್ಸು, ದಿನವಿಡೀ ರಟ್ಟಿನ ಪೆಟ್ಟಿಗೆಗಳಿಗೆ ಸ್ಟಿಕ್ಕರ್ ಅಂಟಿಸುವುದು. ನೆಟ್‌ವರ್ಕ್ ಕೆಲಸದ ಜಾಗಕ್ಕೆ ಕನಕಪುರದ ಹುಡುಗನೊಬ್ಬ ಬಂದ. ಅವನು ಏಣಿ ಹತ್ತಿ ನಮ್ಮ ತಲೆಯ ಮೇಲೆ ತಂತಿ ಎಳೆಯುವಾಗ ನಾನು ಬೇಕೆಂದೇ ತಲೆ ಎತ್ತುತ್ತಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ತಿಳಿದು ಕಾಲೇಜಿನವರು ಒಂದು ಫೋಟೋ ಕಳಿಸು ಎಂದರು, ಕಳಿಸಿದೆ. ಮುಂದಿನ ಸಲ ಊರಿಗೆ ಹೊರಟಾಗ ನೋಡುತ್ತೇನೆ, ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜಿನ ಫ್ಲೆಕ್ಸು. ನನ್ನದೇ ಮುಖ, ಕುತ್ತಿಗೆಯ ಕೆಳಗೆ ಯಾರದೋ ಕೋಟು. ಕೆಳಗೆ ‘ನೆಟ್‌ವರ್ಕ್ ಎಂಜಿನಿಯರ್’ ಎಂದು ಕಾರ್ಖಾನೆಯ ಹೆಸರಿನ ಜೊತೆ ಅಚ್ಚಾಗಿತ್ತು. ನಿಂತಲ್ಲೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ‘ಸರ್, ನಾನಿರೋದು ಪ್ಯಾಕಿಂಗ್‌ನಲ್ಲಿ.’ ‘ಕಂಪನಿ ಅದೇ ತಾನೇ? ನಿನಗೂ ಮರ್ಯಾದೆ ಅಲ್ವೇನಮ್ಮ’ ಎಂದು ಫೋನ್ ಇಟ್ಟುಬಿಟ್ಟರು. ಮನೆಯಲ್ಲಿ ಅಪ್ಪನ ಹತ್ತಿರ ಕಿರುಚಾಡಿದೆ. ಅಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡು, ‘ಇರ್ಲಿ ಬುಡವ್ವ, ಫೋಟೋ ಚೆನ್ನಾಗೈತೆ’ ಎಂದ. ಅವನು ಆಗಲೇ ಆ ಫ್ಲೆಕ್ಸನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದ.

ಅದಾದ ಮೇಲೆ ಇನ್ನೊಂದು ಸಲ ಮಾಗಡಿಯಿಂದ ಕುದೂರಿನ ಬಸ್ಸು ಹತ್ತಿದ್ದೆ. ನನ್ನ ಪಕ್ಕ ಒಬ್ಬ ಹುಡುಗಿ ಕೂತಳು, ಆಚೆ ಸೀಟಿನಲ್ಲಿ ಅವಳ ತಂದೆ. ಅವರು ನನ್ನನ್ನು ದಿಟ್ಟಿಸಿ ನೋಡಿ, ‘ಫ್ಲೆಕ್ಸ್‌ನಲ್ಲಿರೋರು ನೀವೇ ಅಲ್ವರಾ? ನಮ್ಮೂರು ಕಲ್ಯ. ನಿಮ್ಮನ್ನ ನೋಡೇ ಮಗೀನೂ ಆ ಕಾಲೇಜ್ಗೇ ಸೇರಿಸೋವ ಅಂತ, ಈಗ ಇಚಾರುಸ್ಕೊಂಡು ಬತ್ತಾ ಇವ್ನಿ. ಸೋಮ್ವಾರ ಸೇರುಸ್ಬುಡ್ತೀನಿ’ ಎಂದರು. ಹುಡುಗಿ ನಾಚಿಕೊಂಡು ನಕ್ಕಳು.

ನಾನು ಎಲ್ಲ ಹೇಳಿದೆ. ಬೀರು, ಬೀಗ, ಚಿತ್ರದ ಸ್ವಿಚ್ಚು, ಸಂದರ್ಶನ, ಸ್ಟಿಕ್ಕರ್. ‘ಬೇರೆ ಕಡೆ ಸೇರಿಸಿ. ಸೇರಿಸೋಕೆ ಮುಂಚೆ ಆ ಲ್ಯಾಬು ತೆಗೆಸಿ ನೋಡಿ’ ಎಂದು ಬೇಡಿಕೊಂಡೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೇಸರದಿಂದ, ‘ನೀವು ಮ್ಯಾಲಕ್ಕೆ ಹತ್ಬುಟ್ರಿ. ಇನ್ನೊಬ್ಬರ ಮಗು ಹತ್ತೋವಾಗ ಹಿಂಗ್ ಹೇಳ್ಬಾರ್ದು ಕಣವ್ವ’ ಎಂದರು. ಮುಂದೆ ಎರಡು ಸೀಟು ಖಾಲಿಯಾದಾಗ ಮಗಳನ್ನು ಎಬ್ಬಿಸಿಕೊಂಡು ಹೋದರು. ಹುಡುಗಿ ಒಂದು ಸಲ ತಿರುಗಿ ನೋಡಿದಳು. ನನ್ನ ಮಾತು ನಂಬಿದ್ದಾಳೇನೋ ಎಂದು ನಾನೂ ಆಸೆಯಿಂದ ನೋಡಿದೆ. ಅವಳು ಮುಖ ಸಿಂಡರಿಸಿ ಈ ಕಡೆಗೆ ಬೆನ್ನು ಮಾಡಿ ಕೂತಳು.