ಮೊದಲು ಮೇಲೆ ನೋಡುತ್ತಿದ್ದ ಬಾಯಮ್ಮ

ನಮ್ಮ ಹಾಸ್ಟೆಲಿನ ವಾರ್ಡನ್ ಯಾವ ಕೋಣೆಗೆ ಬಂದರೂ ಹೊಸ್ತಿಲಲ್ಲಿ ನಿಂತು ಮೊದಲು ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಆಗ ಅವರ ಸರದ ಪುಟ್ಟ ಶಿಲುಬೆ ಜಾರಿ ಗಂಟಲ ಗುಳಿಯಲ್ಲಿ ಕೂರುತ್ತಿತ್ತು, ಗಲ್ಲದ ಅಡಿಯ ಕಪ್ಪು ಮಚ್ಚೆ ಕಾಣುತ್ತಿತ್ತು. ಚಾವಣಿಗೆ ಅಂಟಿಕೊಂಡ ಬಿಳಿ ಸ್ಮೋಕ್ ಡಿಟೆಕ್ಟರಿನ ಕೆಂಪು ದೀಪ ಒಮ್ಮೆ ಮಿನುಗುವವರೆಗೂ ಹಾಗೇ ನಿಲ್ಲುವುದು, ಆಮೇಲೆ ಕಣ್ಣು ಇಳಿಸಿ, "ಹಾಂ, ಎಂತ ಮಾಡ್ತಾ ಉಂಟು ಮಕ್ಕಳು?" ಎಂದು ಕೇಳುವುದು. ನಮ್ಮ ಮುಖ ನೋಡುವ ಸರದಿ ಯಾವತ್ತೂ ಎರಡನೆಯದು.

ನಾನು ಓದಿದ ದುಬೈಯ ವಿಶ್ವವಿದ್ಯಾಲಯದ ಉಳಿದ ಹುಡುಗಿಯರಿಗೆ ಅವರು ಮ್ಯಾಡಮ್, ಇಲ್ಲವೇ ಆಂಟಿ. ನನಗೆ ಮಾತ್ರ ಬಾಯಮ್ಮ. ನಮ್ಮ ಪುತ್ತೂರಿನ ಕಡೆ ಕ್ರಿಶ್ಚನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ. ಅವರದು ಉಡುಪಿಯ ಹತ್ತಿರದ ಊರು, ಮನೆಮಾತು ಕೊಂಕಣಿ. ನಾನು ಬ್ಯಾರಿ ಮುಸ್ಲಿಮರ ಹುಡುಗಿ. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದುದು ತುಳು ಬೆರೆತ ಕನ್ನಡ. ನಾನು ಸೇರಿದ ದಿನ ಸೂಟ್‌ಕೇಸ್ ಎಳೆದುಕೊಂಡು ಲಾಬಿಯಲ್ಲಿ ಬೆಪ್ಪಾಗಿ ನಿಂತಿದ್ದಾಗ, "ಊಟ ಆಯ್ತಾ ಮಗಾ?" ಎಂಬ ಮಾತು ಕೇಳಿ ನನಗೆ ಅಳು ಬಂದಿತ್ತು. ಅಳು ಮುಗಿಯುವುದರೊಳಗೆ ಅವರು ನನ್ನನ್ನು ತುರ್ತು ಮೆಟ್ಟಿಲಿನ ಬಾಗಿಲ ಮುಂದೆ ನಿಲ್ಲಿಸಿದ್ದರು. "ಲಿಫ್ಟ್ ಆಮೇಲೆ ನೋಡುವ. ಮೊದಲು ಇಳಿಯುವ ದಾರಿ ಕಲಿ."

ಆ ಹಾಸ್ಟೆಲಿನ ಒಂದು ಮಂಚ ನನಗೆ ಎಷ್ಟು ದೊಡ್ಡದೆಂದು ಹೇಳದಿದ್ದರೆ ಮುಂದಿನದು ಅರ್ಥವಾಗದು. ಬಾಪ ಅಬುಧಾಬಿಯ ಮುಸಫ್ಫಾದಲ್ಲಿ ವೆಲ್ಡಿಂಗ್ ವರ್ಕ್‌ಶಾಪಿನ ಫೋರ್‌ಮನ್. ಕಂಪನಿಯ ಕ್ಯಾಂಪಿನಲ್ಲಿ ಗಂಡಸರ ನಡುವೆ ಅವರ ವಾಸ, ಅಲ್ಲಿ ಮಗಳನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ಊರಲ್ಲಿ ಉಮ್ಮನಿಗೆ ನಾನು ಓದಿದ್ದು ಸಾಕು ಎನಿಸಿತ್ತು, ಎರಡು ಕಡೆಯ ಸಂಬಂಧವನ್ನೂ ನೋಡಿಟ್ಟಿದ್ದರು. ಬಾಪನೇ ಹಟ ಹಿಡಿದು ಕರೆಸಿಕೊಂಡದ್ದು. ಉಮ್ಮ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಹುಡುಗಿ ಹಾಸ್ಟೆಲಿನಲ್ಲಿರಬೇಕು, ಹಾಸ್ಟೆಲ್ ಬಿಟ್ಟ ದಿನ ಓದೂ ಬಿಟ್ಟು ವಿಮಾನ ಹತ್ತಬೇಕು. ಹಾಗಾಗಿ ಬೇರೆಯವರಿಗೆ ಅದು ಬರೀ ಮಂಚ, ನನಗೆ ನನ್ನ ಡಿಗ್ರಿಯೇ ಅದರ ಮೇಲೆ ಮಲಗಿತ್ತು.

ಬಾಯಮ್ಮನ ನಿಯಮಗಳನ್ನು ನಾವು ಬಾಯಿಪಾಠ ಮಾಡಿ ಅಣಕಿಸುತ್ತಿದ್ದೆವು. ಕೋಣೆಯಲ್ಲಿ ಒಲೆ ಇಲ್ಲ, ಕೆಟಲ್ ಇಲ್ಲ, ಊದುಬತ್ತಿ ಇಲ್ಲ, ಮೇಣದ ಬತ್ತಿ ಇಲ್ಲ. ಅಲಾರಂ ಬಾರಿಸಿದರೆ ತಲೆ ಒದ್ದೆಯಿದ್ದರೂ ಸರಿ, ಮೆಟ್ಟಿಲಿಳಿದು ಎದುರಿನ ಪಾರ್ಕಿಂಗಿನಲ್ಲಿ ನಿಲ್ಲಬೇಕು. ಜುಲೈಯ ಬಿಸಿಲಿನಲ್ಲಿ ಅಂಥ ಡ್ರಿಲ್ ಮಾಡಿಸಿದಾಗ ಯಾರೋ ಗೊಣಗಿದರು. "ಬೆಂಕಿ ಏನು ಡಿಸೆಂಬರ್ ನೋಡಿ ಬರ್ತದಾ?" ಎಂದರು ಬಾಯಮ್ಮ. ತಾವೂ ನಮ್ಮ ಜೊತೆಗೇ ಬಿಸಿಲಲ್ಲಿ ನಿಂತಿದ್ದರು, ಕೊಡೆ ಕೂಡ ಬಿಚ್ಚಿರಲಿಲ್ಲ.

ಅವರದೇ ಕೋಣೆಯಲ್ಲಿ ಮರಿಯಮ್ಮನ ಮೂರ್ತಿಯ ಮುಂದೆ ಇದ್ದದ್ದು ಬ್ಯಾಟರಿಯ ಮೇಣದ ಬತ್ತಿ. ಇಷ್ಟು ಹೆದರುವವರ ಹಿಂದೆ ಏನೋ ಕಥೆ ಇರಬೇಕೆಂದು, ಬೆಂಕಿಯಲ್ಲಿ ಯಾರನ್ನೋ ಕಳಕೊಂಡಿರಬೇಕೆಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಒಮ್ಮೆ ನಾನು ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. ಅವರು ನಕ್ಕರು. "ಯಾರೂ ಸಾಯ್ಲಿಲ್ಲ ಮಾರಾಯ್ತಿ. ಯಾರಾದ್ರೂ ಸತ್ತ ಮೇಲೇ ಜಾಗ್ರತೆ ಮಾಡ್ಬೇಕು ಅಂತ ಉಂಟಾ?" ಮೊದಲು ಅವರು ದುಬೈಯದೇ ಅಲ್ ಮುರಕ್ಕಬಾತ್ ಬಡಾವಣೆಯ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಿದ್ದರಂತೆ. ಅಲ್ಲಿ ಪ್ರತಿ ಕೋಣೆಯ ಡಿಟೆಕ್ಟರ್ ನೋಡಿಯೇ ಕೆಲಸ ಶುರುಮಾಡಬೇಕಿತ್ತು, ಮೇಲೆ ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು.

ತಪಾಸಣೆಗೆ ಬರುವಾಗ ಅವರು ಬೀಗದ ಕೈಗಳ ದೊಡ್ಡ ಗೊಂಚಲನ್ನು ಲಿಫ್ಟಿನ ಬಾಗಿಲಿನಿಂದಲೇ ಜಣಜಣ ಆಡಿಸಿಕೊಂಡು ಬರುತ್ತಿದ್ದರು. ಆ ಸದ್ದು ಕೇಳಿದ್ದೇ ಇಡೀ ಕಾರಿಡಾರಿನ ಕೆಟಲ್‌ಗಳೂ ಇಂಡಕ್ಷನ್ ಒಲೆಗಳೂ ಮಂಚದಡಿ, ಮಡಿಸಿದ ಬಟ್ಟೆಯೊಳಗೆ ಮಾಯ. ಇಷ್ಟು ಬುದ್ಧಿವಂತ ಹೆಂಗಸಿಗೆ ಅಷ್ಟೂ ತಿಳಿಯದೇ ಎಂದು ನಮಗೆ ಆಶ್ಚರ್ಯ. ತಿಳಿದೇ ಮಾಡುತ್ತಿದ್ದರು. "ಅಡಗಿಸುವಾಗ ಪ್ಲಗ್ ತೆಗೆದೇ ತೆಗೀತೀರಲ್ಲ, ನನಗೆ ಅಷ್ಟು ಸಾಕು. ನಾನು ಹಿಡೀಲಿಕ್ಕೆ ಬರುದಲ್ಲ, ಆರಿಸ್ಲಿಕ್ಕೆ ಬರುದು" ಎಂದು ನನ್ನ ಹತ್ತಿರ ಒಮ್ಮೆ ಹೇಳಿದ್ದರು. ಈ ಉಪಾಯವೇ ಒಂದು ದಿನ ಅವರಿಗೆ ತಿರುಗುಬಾಣವಾಯಿತು.

ನನ್ನ ರೂಮ್‌ಮೇಟ್ ಕುಂದಾಪುರದ ಮನೆಯವಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ದುಬೈ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಮದುವೆ ಮುಂಜಿಗೆ ಹೊರಟರೆ ಅರಬರ ಮನೆಯವರಂತೆ ಬಖೂರ್ ಹಾಕದೆ ಅವಳ ಅಲಂಕಾರ ಮುಗಿಯದು. ಉರಿಯುವ ಇದ್ದಿಲ ಮೇಲೆ ಗಂಧದ ಚೂರಿಟ್ಟು, ಆ ಹೊಗೆಗೆ ಕೂದಲನ್ನೂ ದುಪಟ್ಟಾವನ್ನೂ ಒಡ್ಡುವುದು. ನಮ್ಮ ಮನೆಯಲ್ಲಿ ಗುರುವಾರ ಸಂಜೆ ಉಮ್ಮ ಲೋಬಾನ ಹಾಕುತ್ತಿದ್ದುದನ್ನು ನೆನೆದು, ಆ ಪರಿಮಳ ನನಗೂ ಇಷ್ಟವೇ.

ಒಂದು ಶನಿವಾರ ಸಂಜೆ ನಾನು ಅಬುಧಾಬಿಯ ಖಾಲಿದಿಯಾದಲ್ಲಿದ್ದ ಅತ್ತೆಯ ಮನೆಯಿಂದ ಮರಳಿದೆ. ರಜೆಯ ದಿನಗಳಲ್ಲಿ ಬಾಪನನ್ನು ಕಾಣುವುದು ಅಲ್ಲಿಯೇ. ಬಾಗಿಲು ತೆಗೆದರೆ ಕೋಣೆಯೆಲ್ಲ ಬಖೂರಿನ ಘಮ. ರೂಮ್‌ಮೇಟ್ ಯಾವುದೋ ನೆಂಟರ ನಿಶ್ಚಿತಾರ್ಥಕ್ಕೆ ಹೊರಟಿದ್ದಳು. ಇದೇನೇ, ಅಲಾರಂ ಬಾರಿಸಲಿಲ್ಲವೇ ಎಂದು ನಾನು ಕೇಳುವಷ್ಟರಲ್ಲಿ ಕಾರಿಡಾರಿನಲ್ಲಿ ಜಣಜಣ ಕೇಳಿಸಿತು. ಅವಳು ದಡಬಡಿಸಿ ಧೂಪದ ಪಾತ್ರೆಯನ್ನು ಎತ್ತಿ ಬಟ್ಟೆಯ ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು.

ಬಾಯಮ್ಮ ಚರ್ಚಿಗೆ ಹೊರಟವರು, ಒಳ್ಳೆಯ ಸೀರೆ ಉಟ್ಟಿದ್ದರು. ಸುಮ್ಮನೆ ಒಂದು ಸುತ್ತು ಹಾಕಲು ಬಂದದ್ದು. ಎಂದಿನಂತೆ ಹೊಸ್ತಿಲಲ್ಲಿ ನಿಂತು ಮೇಲೆ ನೋಡಿದರು. ನಾನೂ ಆಗಲೇ ನೋಡಿದ್ದು. ಡಿಟೆಕ್ಟರಿನ ಮೇಲೆ ಸ್ನಾನಕ್ಕೆ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ಬಿಗಿದಿತ್ತು. ಕೆಂಪು ದೀಪ ಕಾಣುತ್ತಿರಲಿಲ್ಲ.

ಅವರು ಮೂಗರಳಿಸಿ ನೇರ ಕಪಾಟಿಗೆ ಹೋಗಿ ಬಾಗಿಲು ತೆಗೆದರು. ಒಳಗೆ ಹೊಗೆ ಕಟ್ಟಿತ್ತು. ತೂಗುಬಿಟ್ಟ ಒಂದು ದುಪಟ್ಟಾದ ಅಂಚು ಕಪ್ಪಗೆ ಸುರುಟಿ ಮೇಲಕ್ಕೆ ಸರಿಯುತ್ತಿತ್ತು. ಅದನ್ನು ಎಳೆದು ಕಾಲಲ್ಲಿ ತುಳಿದರು, ಟವೆಲಿನಿಂದ ಪಾತ್ರೆ ಹಿಡಿದು ಬಚ್ಚಲಿಗೆ ಒಯ್ದು ನೀರು ಬಿಟ್ಟರು. ಎಲ್ಲ ಮುಗಿಸಿ ಬಂದು ಕಪಾಟಿನ ಪಕ್ಕದ ಹಾಸಿಗೆಯನ್ನು ಒಮ್ಮೆ ಮುಟ್ಟಿದರು. ಅದು ನನ್ನ ಹಾಸಿಗೆ.

"ಮೇಲೆ ಆ ಟೋಪಿ ಕಟ್ಟಿದ್ದು ಯಾರು?"

ನನ್ನ ಚೀಲ ಇನ್ನೂ ಹೆಗಲಲ್ಲೇ ಇತ್ತು, ಅವರಿಗೆ ಅದು ಕಂಡಿತ್ತು. ಆದರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಕುರ್ಚಿ ಎಳೆದು, ಪರ್ಸನ್ನು ಮಡಿಲಲ್ಲಿಟ್ಟುಕೊಂಡು ಕೂತರು.

"ಇಟ್ಸ್ ಜಸ್ಟ್ ಅ ಶವರ್ ಕ್ಯಾಪ್, ಆಂಟಿ. ಯೂ ವಿಲ್ ಬಿ ಲೇಟ್ ಫಾರ್ ಚರ್ಚ್" ಎಂದಳು ರೂಮ್‌ಮೇಟ್.

"ಆಗ್ಲಿ. ಕಟ್ಟಿದವರೇ ಬಿಚ್ಚಬೇಕು. ಅಲ್ಲಿವರೆಗೆ ನಾನು ಇಲ್ಲೇ."

ಹೊರಗೆ ಬಸ್ಸು ಬಂದ ಸದ್ದಾಯಿತು, ಹೋದ ಸದ್ದೂ ಆಯಿತು. ಚರ್ಚಿನ ಪೂಜೆಯನ್ನು ಎಂದೂ ತಪ್ಪಿಸದ ಹೆಂಗಸು ಕದಲದೆ ಕೂತಿದ್ದರು, ಮುಖದಲ್ಲಿ ಸಿಟ್ಟೂ ಇರಲಿಲ್ಲ. ಕೊನೆಗೆ ಅವಳೇ ಇನ್ನೊಂದು ಕುರ್ಚಿ ಹತ್ತಿ ಟೋಪಿ ಬಿಚ್ಚಿದಳು. ಇಳಿದವಳು ಬಿಕ್ಕುತ್ತಾ, "ನಾನೇ ಹಾಕಿದ್ದು. ಅವಳು ಇರ್ಲಿಲ್ಲ" ಎಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ಅದು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಡಿಟೆಕ್ಟರ್ ಮುಚ್ಚಿದರೆ ಆ ಕೋಣೆಯವರೆಲ್ಲ ಹಾಸ್ಟೆಲ್ ಬಿಡಬೇಕೆಂಬುದು ನಿಯಮ. ಬಾಯಮ್ಮ ಮರುದಿನವೇ ಮೇಲಿನವರಿಗೆ ತಿಳಿಸಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಕೆಳಗೆ ಓಡಿ, "ನಾನು ಏನೂ ಮಾಡ್ಲಿಲ್ಲ ಅಂತ ನಿಮಗೆ ಗೊತ್ತುಂಟಲ್ಲ ಬಾಯಮ್ಮ? ಹಾಸ್ಟೆಲ್ ಹೋದ್ರೆ ನನ್ನ ಓದೇ ಹೋಯ್ತು" ಎಂದೆ.

"ಗೊತ್ತುಂಟು. ಗೊತ್ತಿದ್ದದ್ದನ್ನು ಅಲ್ಲಿ ಹೇಳ್ತೇನೆ. ಮುಚ್ಚಿ ಹಾಕುದಿಲ್ಲ. ಮುಚ್ಚಿದ್ದರಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು?"

ಸುದ್ದಿ ತಿಳಿದು ಬಾಪ ಶುಕ್ರವಾರ ನಮಾಜು ಮುಗಿಸಿ ಮುಸಫ್ಫಾದಿಂದ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಖರ್ಜೂರದ ದೊಡ್ಡ ಡಬ್ಬಿ. ಪರದೇಶದಲ್ಲಿ ನಮ್ಮವರಿಗೆ ಇರುವ ಒಂದೇ ನಂಬಿಕೆಯೆಂದರೆ, ಮೇಜಿನ ಆ ಕಡೆ ಊರಿನವರಿದ್ದರೆ ಅರ್ಧ ಕೆಲಸ ಆದಂತೆ. ಬಾಯಮ್ಮ ಬಾಪನನ್ನು ಲಾಬಿಯಲ್ಲಿ ಕೂರಿಸಿ ಚಹಾ ತರಿಸಿದರು.

"ನಾವೆಲ್ಲ ಒಂದೇ ಕಡೆಯವರು ಬಾಯಮ್ಮ. ನೀವು ಮನಸ್ಸು ಮಾಡಿದ್ರೆ..." ಎಂದರು ಬಾಪ.

"ಬೆಂಕಿಗೆ ಊರು ಉಂಟಾ ಸಾಹೇಬ್ರೇ? ನೀವು ವೆಲ್ಡಿಂಗಿನವರು, ನಿಮಗೆ ನಾನು ಹೇಳ್ಬೇಕಾ? ಆ ದಿನ ನಾನು ಕಪಾಟು ತೆಗೆಯದೆ, ಇವಳ ಹಾಸಿಗೆಗೆ ಹತ್ತಿದ್ರೆ ಮೇಲಿನ ಮಾಳಿಗೆಯ ಮಕ್ಕಳಿಗೆ ಗೊತ್ತೇ ಆಗ್ತಿರಲಿಲ್ಲ." ಡಬ್ಬಿಯನ್ನು ಬಾಪನ ಕಡೆಗೆ ಸರಿಸಿದರು. "ಇದು ಈಗ ಬೇಡ. ಎಲ್ಲ ಸರಿ ಆದ್ಮೇಲೆ ತನ್ನಿ, ಕೂತು ತಿನ್ನುವ."

ಬಾಪ ಡಬ್ಬಿ ಎತ್ತಿಕೊಂಡು ಎದ್ದರು, ಗೇಟಿನ ಹತ್ತಿರ ನನಗೆ ಹೇಳಿದ್ದು ಇಷ್ಟೇ: "ಇವರ ಕೈಯಲ್ಲಿ ನಿನ್ನನ್ನು ಬಿಟ್ಟದ್ದು ಸರಿಯಾಯ್ತು ಮಗಳೇ. ನಾಳೆ ಇವರು ಇಲ್ಲಿಂದ ಕಳಿಸಿದ್ರೂ ಅದು ಸರಿಯೇ." ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ವಿಚಾರಣೆಯಲ್ಲಿ ವಸತಿ ವಿಭಾಗದ ಮುಖ್ಯಸ್ಥರು ನಿಯಮ ಓದಿದರು. ಬಾಯಮ್ಮ ಎದ್ದು ನಿಂತು ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ, ಅವರ ಮಾತಿನಲ್ಲೇ, ಇದು: ಒಬ್ಬಳು ಕೋಣೆಯಲ್ಲೇ ಇರಲಿಲ್ಲ, ಅವಳ ಚೀಲ ಹೆಗಲಿಂದ ಇಳಿದಿರಲಿಲ್ಲ, ನಾನೇ ಸಾಕ್ಷಿ. ಇನ್ನೊಬ್ಬಳು ತಪ್ಪು ಮಾಡಿದಳು, ಆದರೆ ಬಾಯಿಬಿಟ್ಟು ಹೇಳಿದಳು. ನಿಜ ಹೇಳಿದವಳನ್ನು ಹೊರಗೆ ಹಾಕಿದರೆ ಈ ಕಟ್ಟಡದಲ್ಲಿ ಇನ್ನು ಯಾರೂ ನನಗೆ ನಿಜ ಹೇಳುವುದಿಲ್ಲ. ಮತ್ತೆ, ಅವಳು ಕೆಂಡವನ್ನು ಕಪಾಟಿನಲ್ಲಿಟ್ಟದ್ದು ನನ್ನ ಬೀಗದ ಕೈ ಸದ್ದು ಕೇಳಿ. ಕೆಟಲಿಗೆ ಪ್ಲಗ್ ಉಂಟು, ಕೆಂಡಕ್ಕೆ ಇಲ್ಲ ಎಂದು ನಾನು ಯೋಚಿಸಬೇಕಿತ್ತು. ಅದರ ಪಾಲು ನನ್ನದು.

ನಾನು ಉಳಿದೆ. ರೂಮ್‌ಮೇಟ್ ಕೂಡ ಉಳಿದಳು, ಆ ಸೆಮಿಸ್ಟರ್ ಪೂರ್ತಿ ಬಾಯಮ್ಮನ ಜೊತೆ ತಪಾಸಣೆಗೆ ಸುತ್ತಬೇಕೆಂಬ ಶಿಕ್ಷೆಯ ಮೇಲೆ. ಬಾಪ ಮುಂದಿನ ವಾರ ಅದೇ ಡಬ್ಬಿ ತಂದರು. ಬಾಯಮ್ಮ ಲಾಬಿಯಲ್ಲೇ ಬಿಚ್ಚಿ ಸೆಕ್ಯುರಿಟಿಯವನಿಂದ ಹಿಡಿದು ಎಲ್ಲರಿಗೂ ಹಂಚಿದರು.

ಅವರ ಹಟ ಶುರುವಾದದ್ದು ಆಮೇಲೆ. ಬೇಡ ಎಂದರೆ ಅಡಗಿಸುತ್ತಾರೆ, ಹಾಗಾದರೆ ಎಲ್ಲಿ ಉರಿಸಬಹುದು ಎಂದು ತೋರಿಸಬೇಕು ಎಂಬುದು ಅವರ ವಾದ. ಹಿತ್ತಿಲಿನಲ್ಲಿ ಮರಳು ಹಾಸಿದ ಒಂದು ಮೂಲೆ ಕೊಡಿ ಎಂದು ಕೇಳಿದರು. ಆಫೀಸಿನವರು ಆಗದು ಎಂದರು. ಮುಂದಿನ ವಾರ ಮತ್ತೆ ಹೋದರು. ಒಬ್ಬ ಅಧಿಕಾರಿ "ಖಲಾಸ್, ಮ್ಯಾಡಮ್" ಎಂದು ಕೈಮುಗಿದನಂತೆ. "ಅವರಿಗೆ ಖಲಾಸ್, ನನಗೆಂತ? ಕೇಳಿ ಕೇಳಿ ನನ್ನ ಬಾಯಿ ಸವೆಯುದಿಲ್ಲ" ಎಂದು ಮತ್ತೆ ಹೊರಡುತ್ತಿದ್ದರು. ಬೇಸಿಗೆ ಕಳೆದು ಚಳಿ ಬರುವ ಹೊತ್ತಿಗೆ ಮರಳಿನ ಮೂಲೆ ಬಂತು, ಪಕ್ಕದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರೂ ಬಂತು. ಗುರುವಾರ ಸಂಜೆ ಅಲ್ಲಿ ನನ್ನ ಲೋಬಾನ, ರೂಮ್‌ಮೇಟಿನ ಬಖೂರ್, ಕೇರಳದವಳ ದೀಪ, ಫಿಲಿಪೀನ್ಸಿನವಳ ಮೇಣದ ಬತ್ತಿ. ಬಾಯಮ್ಮ ಮದುವೆಮನೆಯ ಯಜಮಾನಿಯ ಹಾಗೆ ಸುತ್ತ ಓಡಾಡುತ್ತಾ, "ಶಾಲು ಎತ್ತಿ ಹಿಡಿ ಮಗಾ" ಎನ್ನುತ್ತಿದ್ದರು. ಎಲ್ಲರೂ ಆರಿಸಿ ಒಳಗೆ ಹೋದ ಮೇಲೆ ಮರಳಿನ ಮೇಲೆ ಅಂಗೈಯಿಟ್ಟು ನೋಡಿಯೇ ಅವರು ಹೋಗುತ್ತಿದ್ದುದು.

ನಾನು ಡಿಗ್ರಿ ಮುಗಿಸಿದೆ, ಅಬುಧಾಬಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕೂ ಸೇರಿದೆ. ಬಾಯಮ್ಮ ನಿವೃತ್ತರಾಗಿ ಊರಿಗೆ ಹೋಗಿ ತಂಗಿಯ ಮನೆಯಲ್ಲಿದ್ದರು. ಕೆಲವು ವರ್ಷಗಳ ಮೇಲೆ, ನಾನು ರಜೆಯಲ್ಲಿ ಪುತ್ತೂರಿನಲ್ಲಿದ್ದಾಗಲೇ, ಅವರು ತೀರಿಕೊಂಡ ಸುದ್ದಿ ಬಂತು. ನಿದ್ದೆಯಲ್ಲಿ ಹೋದರಂತೆ. ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳುತ್ತಲೇ ಇದ್ದೆ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಪಡಸಾಲೆಯಲ್ಲಿ ಅವರನ್ನು ಮಲಗಿಸಿದ್ದರು. ಅದೇ ಸರ, ಅದೇ ಮಚ್ಚೆ. ಕಣ್ಣು ಮುಚ್ಚಿದ್ದರೂ ಮುಖ ಮೇಲಕ್ಕೇ ಇತ್ತು. ತಲೆಯ ಹತ್ತಿರ ಸ್ಟೂಲಿನ ಮೇಲೆ ದಪ್ಪ ಮೇಣದ ಬತ್ತಿಯೊಂದು ಉರಿಯುತ್ತಿತ್ತು, ಅದರಿಂದ ಗೇಣು ದೂರದಲ್ಲಿ ಕಿಟಕಿಯ ಪರದೆ ಗಾಳಿಗೆ ಆಡುತ್ತಿತ್ತು. ನಾನು ಕೈಮುಗಿಯುವ ಮೊದಲೇ ಸ್ಟೂಲನ್ನು ಹಿಡಿದು ಪರದೆಯಿಂದ ಈಚೆಗೆ ಎಳೆದುಬಿಟ್ಟಿದ್ದೆ.

ಪಕ್ಕದಲ್ಲಿ ಕೂತಿದ್ದ ಅವರ ತಂಗಿ ತಲೆಯೆತ್ತಿ ನನ್ನನ್ನು ನೋಡಿದರು.

"ನೀವು ಹಾಸ್ಟೆಲಿನವರಾ?"

"ಹೌದು. ಹೇಗೆ ಗೊತ್ತಾಯ್ತು?"

"ಬೆಳಿಗ್ಗೆಯಿಂದ ನಾನು ಅದನ್ನು ಅಕ್ಕನ ತಲೆಯ ಹತ್ತಿರ ಇಡುದು, ಊರಿಗೆ ಬಂದಿರುವ ಹಾಸ್ಟೆಲಿನ ಮಕ್ಕಳು ಒಬ್ಬೊಬ್ಬರೇ ಬಂದು ದೂರ ಎಳೆಯುದು" ಎಂದರು ಅವರು. ಆಮೇಲೆ ಎದ್ದು ಹೋಗಿ ಪರದೆಯನ್ನು ಗಂಟು ಹಾಕಿ ಕಟ್ಟಿದರು.