ಅಕ್ಟೋಬರ್ ಒಂದರ ಹೊಸ ದರ

ಅಮೆರಿಕದ ರೆಸೀನ್ ಊರಿನ ಪಂಪು ಕಂಪನಿಯ ಕಚೇರಿಯಲ್ಲಿ ಮೂವತ್ತಾರು ವರ್ಷ ದುಡಿದ ಆರ್ಡಿತ್ ಸೋರೆನ್ಸನ್‌ಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಅವಳು ಯಾರನ್ನೂ ಕಂಡು ಕರುಬಿದವಳಲ್ಲ. ತಂಗಿಗೆ ಸರೋವರದ ದಂಡೆಯಲ್ಲೇ ಮನೆಯಾದಾಗ, ಪೇಟೆಯಿಂದ ಪೆಕಾನ್ ಬೀಜ ಹಾಕಿದ ಕ್ರಿಂಗಲ್ ಎಂಬ ಸಿಹಿತಿಂಡಿ ಕಟ್ಟಿಸಿಕೊಂಡು ಹೋಗಿ ಮನಸಾರೆ ಹರಸಿ ಬಂದಿದ್ದಳು. ಅಂಥ ಹೆಂಗಸು ಕೊನೆಗೆ ಸೋತದ್ದು ಒಂದು ಫಾರಮ್ಮಿನ ವಿಷಯಕ್ಕೆ. ನಗುವವರು ನಗಲಿ. ಒಂದೇ ಕೆಲಸವನ್ನು ಅಷ್ಟು ವರ್ಷ ತನ್ನದೆಂದು ಅಪ್ಪಿಕೊಂಡವರಿಗೆ ಇದು ಅರ್ಥವಾಗುತ್ತದೆ.

ಆ ಫಾರಮ್ಮಿನ ಹೆಸರು ಎಸ್-ಎಂಟು. ಕಂಪನಿ ತನ್ನ ನೌಕರರಿಗೆ ಷೇರು ಹಂಚುವ ಮೊದಲು ಅಷ್ಟೂ ಷೇರುಗಳನ್ನು ವಾಷಿಂಗ್ಟನ್ನಿನ ಷೇರು ಆಯೋಗದಲ್ಲಿ ನೋಂದಾಯಿಸಬೇಕು, ಅದಕ್ಕೆ ಶುಲ್ಕ ಕಟ್ಟಬೇಕು. ಎಷ್ಟು ಷೇರು, ಸಲ್ಲಿಸುವುದಕ್ಕೆ ಮುಂಚಿನ ವಾರದ ಯಾವುದಾದರೂ ಒಂದು ದಿನ ಷೇರುಪೇಟೆಯಲ್ಲಿ ಅದು ಮುಟ್ಟಿದ ಮೇಲಿನ ಬೆಲೆ ಯಾವುದು, ಕೆಳಗಿನದು ಯಾವುದು, ಎರಡರ ಸರಾಸರಿ ಎಷ್ಟು ಎಂದು ನೋಡಿ, ಒಟ್ಟು ಮೊತ್ತಕ್ಕೆ ಆಯೋಗ ಹೇಳಿದ ದರ ಹಾಕಿದರೆ ಶುಲ್ಕ ಬಂತು. ದಿನದ ಕೊನೆಯ ಬೆಲೆ ಹಿಡಿದು ಲೆಕ್ಕ ಹಾಕಿದ ವಕೀಲರನ್ನು ಆರ್ಡಿತ್ ಎಷ್ಟೋ ಸಲ ಬಾಗಿಲ ಬಳಿಯೇ ನಿಲ್ಲಿಸಿ ತಿದ್ದಿದ್ದಳು. ಅವಳು ವಕೀಲೆಯಲ್ಲ. ಟೈಪು ಮಾಡಲು ಬಂದವಳು. ಹಾಗಿದ್ದೂ ಕಾನೂನು ವಿಭಾಗದಲ್ಲಿ ಈ ಫಾರಮ್ಮನ್ನು ಅವಳು ಮುಟ್ಟದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ.

ನಿರ್ದೇಶಕರ ಸಹಿ ತರಲು ಅವಳು ಕಾರು ಹತ್ತುತ್ತಿದ್ದ ಕಾಲವೊಂದಿತ್ತು. ಒಬ್ಬರು ಗಾಲ್ಫ್ ಮೈದಾನದಲ್ಲಿ, ಇನ್ನೊಬ್ಬರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಒಂದು ಚಳಿಗಾಲ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಕಾದು ಕೂತಿದ್ದ ಮುದುಕರೊಬ್ಬರ ಬಳಿ ಬೂಟು ಜಾರಿಸುತ್ತ ನಡೆದುಹೋಗಿ, ಬೆನ್ನು ಬಗ್ಗಿಸಿ, ಬೆನ್ನ ಮೇಲೇ ಕಾಗದ ಇಡಿಸಿ ಸಹಿ ಹಾಕಿಸಿಕೊಂಡಿದ್ದಳು. ಆ ಕಥೆಯನ್ನು ಕಚೇರಿಯ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಯಾರಾದರೂ ಹೇಳಿಸುತ್ತಿದ್ದರು. ಅವಳು ಬೇಡ ಬೇಡ ಎನ್ನುತ್ತಲೇ ಹೇಳುತ್ತಿದ್ದಳು.

ಆಮೇಲೆ ಕೆಲ್ಸಿ ಬ್ರಾಂಟ್ ಬಂದಳು. ಇಪ್ಪತ್ತೇಳು ವರ್ಷ, ಮಿಲ್ವಾಕಿಯಲ್ಲಿ ಓದಿದ ಹುಡುಗಿ, ಕಾಲಿಗೆ ಯಾವಾಗಲೂ ಬಿಳಿ ಓಟದ ಬೂಟು. ಒಂಬತ್ತು ನಿರ್ದೇಶಕರ ಸಹಿಯನ್ನೂ ಕೂತಲ್ಲಿಂದ ಫೋನಿನಲ್ಲೇ ಅರ್ಧ ದಿನದಲ್ಲಿ ತರಿಸಿದಳು. ವಿಭಾಗದ ಮುಖ್ಯಸ್ಥ ವಾರೆನ್ ಹೌಸ್‌ಮನ್ ಅವಳನ್ನು ತಲೆಯ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ.

"ಆರ್ಡಿತ್, ಈ ಸಲದ ಎಸ್-ಎಂಟು ಕೆಲ್ಸಿ ಮಾಡ್ಲಿ. ನಿಮಗೂ ಸ್ವಲ್ಪ ಹಗುರ ಆಗುತ್ತೆ" ಎಂದ ವಾರೆನ್, ಆಗಸ್ಟಿನ ಒಂದು ಬೆಳಿಗ್ಗೆ.

"ನನಗೆ ಭಾರ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅವಳೂ ಕಲೀಬೇಕಲ್ಲ?"

ಕಲಿಯಲಿ, ಧಾರಾಳವಾಗಿ ಕಲಿಯಲಿ ಎಂದು ಬಾಯಲ್ಲಿ ಹೇಳಿ ಆರ್ಡಿತ್ ತನ್ನ ಕುರ್ಚಿಗೆ ಬಂದು ಕೂತಳು. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅಂದಿನಿಂದ ಕೆಲ್ಸಿ ನಕ್ಕರೂ ಅವಳಿಗೆ ಮೈ ಉರಿಯುತ್ತಿತ್ತು. ಕೆಲ್ಸಿ ಎದ್ದು ಕಾಫಿಗೆ ಹೋದರೆ, ಆ ಮೇಜಿನ ಮುಂದೆ ನಿಧಾನಕ್ಕೆ ಹಾದು, ಪರದೆಯ ಮೇಲೆ ಏನಿದೆಯೆಂದು ಕತ್ತು ಕೊಂಕಿಸಿ ನೋಡುತ್ತಿದ್ದಳು. ತಪ್ಪು ಸಿಗಲೆಂದು ನೋಡುತ್ತಿದ್ದಳು. ಸಿಗುತ್ತಿರಲಿಲ್ಲ. ಅದೇ ಇನ್ನೂ ದೊಡ್ಡ ಸಂಕಟ.

ಈ ಸಲದ ಯೋಜನೆ ಸಣ್ಣದೇನಲ್ಲ. ಅಷ್ಟು ವರ್ಷ ಮೇಲಿನವರಿಗೇ ಷೇರು ಕೊಡುತ್ತಿದ್ದ ಕಂಪನಿ ಮೊದಲ ಬಾರಿಗೆ ಎರಕದ ಮನೆಯ ಇನ್ನೂರ ಹನ್ನೆರಡು ಕೆಲಸಗಾರರಿಗೂ ಕೊಡುವುದೆಂದು ತೀರ್ಮಾನವಾಗಿತ್ತು. ಅಕ್ಟೋಬರ್ ಎರಡು, ಸೋಮವಾರ, ಮಧ್ಯಾಹ್ನ ಮೂರಕ್ಕೆ ಕ್ಯಾಂಟೀನಿನಲ್ಲಿ ಅಧ್ಯಕ್ಷರೇ ಬಂದು ಒಬ್ಬೊಬ್ಬರ ಕೈಗೂ ಷೇರಿನ ಕಾಗದ ಕೊಡುವವರಿದ್ದರು. ಫಾರಂ ಅದಕ್ಕೂ ಮುಂಚಿನ ಶುಕ್ರವಾರ ಸಲ್ಲಿಕೆಯಾಗಬೇಕಿತ್ತು. ಕೆಲ್ಸಿ ಗುರುವಾರವೇ ಲೆಕ್ಕ ಮುಗಿಸಿ, ಶುಕ್ರವಾರ ಬೆಳಿಗ್ಗೆ ಶುಲ್ಕದ ಹಣವನ್ನೂ ಆಯೋಗದ ಖಾತೆಗೆ ಕಳಿಸಿಬಿಟ್ಟಳು. ಎಲ್ಲ ಸರಿಯಿತ್ತು. ಫಾರಮ್ಮಿನ ಜೊತೆ ಇರಲೇಬೇಕಾದ ಆಡಿಟರ ಒಪ್ಪಿಗೆ ಪತ್ರವೊಂದು ಮಾತ್ರ ಬರಲಿಲ್ಲ. ಪತ್ರಕ್ಕೆ ಸಹಿ ಹಾಕಬೇಕಾದ ಮನುಷ್ಯ ಮಗಳ ಮದುವೆಗೆಂದು ವಿಮಾನ ಹತ್ತಿದ್ದ.

ಆ ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ಕೆಲ್ಸಿ ಆರ್ಡಿತ್‌ಳ ಮೇಜಿಗೆ ಬಂದಳು. "ಪತ್ರ ಸೋಮವಾರ ಬೆಳಿಗ್ಗೆನೇ ಅಂತೆ. ಸೋಮವಾರ ಸಲ್ಲಿಸಿದ್ರೂ ಮೂರು ಗಂಟೆ ಒಳಗೆ ಆಗಿಹೋಗುತ್ತೆ ಅಲ್ವಾ? ಏನಾದ್ರೂ ಬದಲಾಯಿಸಬೇಕಾ ಆರ್ಡಿತ್?"

ಬದಲಾಯಿಸಬೇಕಿತ್ತು. ಆಯೋಗದ ದರ ಪ್ರತಿ ವರ್ಷ ಅಕ್ಟೋಬರ್ ಒಂದಕ್ಕೆ ಬದಲಾಗುತ್ತದೆ, ಸಲ್ಲಿಸಿದ ದಿನದ ದರವೇ ದರ. ಆ ವರ್ಷ ಅದು ಏರುವುದಿತ್ತು. ಶುಕ್ರವಾರ ಸಾಕಾಗುವ ಹಣ ಸೋಮವಾರಕ್ಕೆ ಕಡಿಮೆ ಬೀಳುತ್ತಿತ್ತು, ಕಡಿಮೆ ಬಿದ್ದರೆ ಫಾರಂ ಒಳಗೇ ಹೋಗುವುದಿಲ್ಲ. ಇದು ಆರ್ಡಿತ್‌ಗೆ ಕೆಲ್ಸಿ 'ಸೋಮವಾರ' ಎಂದ ಕೂಡಲೇ ಹೊಳೆಯಿತು. ಒಳಗೆಲ್ಲೋ ಏನೋ ತಣ್ಣಗಾಯಿತು, ಬಹಳ ದಿನಗಳ ಮೇಲೆ.

"ಲೆಕ್ಕ ನಿನ್ನದು ಚಿನ್ನಾ. ನನ್ನನ್ಯಾಕೆ ಕೇಳ್ತೀಯ? ನನಗೆ ಹಗುರ ಮಾಡಿದಾರಲ್ಲ" ಎಂದಳು, ನಗುತ್ತ.

ಕೆಲ್ಸಿಯೂ ನಕ್ಕಳು. ಅವಳಿಗೆ ಆ ನಗು ನಿಜವಾದದ್ದೆಂದೇ ಅನ್ನಿಸಿತು, ಪಾಪ.

ಸಂಜೆ ಐದಕ್ಕೆ ಆರ್ಡಿತ್ ಮತ್ತು ಅವಳ ಗಂಡ ಜೀನ್ ಪ್ರತಿ ಶುಕ್ರವಾರದಂತೆ ಹೋಟೆಲಿಗೆ ಮೀನಿನೂಟಕ್ಕೆ ಹೋದರು. ಜೀನ್ ಅದೇ ಕಂಪನಿಯ ಎರಕದ ಮನೆಯಲ್ಲಿ ಅಚ್ಚು ಹಾಕುತ್ತಿದ್ದು ನಿವೃತ್ತನಾದವನು. ಹುರಿದ ಪರ್ಚ್ ಮೀನು, ಆಲೂಗಡ್ಡೆ ಪ್ಯಾನ್‌ಕೇಕು, ಮುಂದೆ ಬ್ರಾಂದಿ. ಆರ್ಡಿತ್ ಅಂದು ಎರಡನೆಯ ಗ್ಲಾಸನ್ನೂ ತರಿಸಿದಳು.

"ಏನೇ ಇವತ್ತು, ಇಷ್ಟು ಖುಷಿ?"

ಹೇಳಿದಳು. ತಡೆದುಕೊಳ್ಳಲಾಗಲಿಲ್ಲ.

ಜೀನ್ ಫೋರ್ಕು ಕೆಳಗಿಟ್ಟ. "ಈಗಲೇ ಫೋನ್ ಮಾಡು ಅವಳಿಗೆ."

"ನಾನ್ಯಾಕೆ ಮಾಡ್ಲಿ? ಅಷ್ಟು ಜಾಣೆ ಅಂತಾರಲ್ಲ, ನೋಡ್ಕೊಳ್ಳಲಿ."

"ಷೇರು ಅವಳದಲ್ಲ ಕಣೆ. ನಮ್ಮ ಹುಡುಗರದು. ನನ್ನ ಜೊತೆ ಅಚ್ಚು ಹಾಕ್ತಿದ್ದ ಲೆರಾಯ್ ಸೂಟ್ ಇಸ್ತ್ರಿ ಮಾಡಿಸಿದಾನೆ ಅಂತೆ, ಕ್ಯಾಂಟೀನಿಗೆ ಹಾಕ್ಕೊಂಡು ಹೋಗೋಕೆ."

"ಸೋಮವಾರ ಬೆಳಿಗ್ಗೆ ಹೇಳ್ತೀನಿ ಬಿಡು. ನಾನೇನು ರಾಕ್ಷಸಿಯಾ?"

ಸೋಮವಾರ ಬೆಳಿಗ್ಗೆ ಹೇಳಬೇಕೆಂದೇ ಹೊರಟಳು. ಇದನ್ನು ಅವಳ ಪರವಾಗಿ ಹೇಳಲೇಬೇಕು. ಆದರೆ ಕಚೇರಿಗೆ ಕಾಲಿಡುವಾಗ ವಾರೆನ್ ಕೆಲ್ಸಿಯ ಮೇಜಿಗೆ ಒರಗಿ ನಿಂತಿದ್ದ. "ನೀನು ಬಂದ ಮೇಲೆ ನನಗೆ ಈ ಫಾರಂ ವಿಷಯದಲ್ಲಿ ಮೊದಲನೇ ಸಲ ನಿದ್ದೆ ಬಂತು ನೋಡು" ಎನ್ನುತ್ತಿದ್ದ. ಮೂವತ್ತಾರು ವರ್ಷದಲ್ಲಿ ಒಂದು ಸಲವೂ ಯಾರ ನಿದ್ದೆಯನ್ನೂ ಕೆಡಿಸದವಳು ಕೋಟು ಬಿಚ್ಚಿ, ಬಾಯಿ ಹೊಲಿದುಕೊಂಡು ಕೂತಳು.

ಪತ್ರ ಹನ್ನೊಂದಕ್ಕೆ ಬಂತು. ಫಾರಂ ಹನ್ನೆರಡಕ್ಕೆ ಹೋಯಿತು, ಹತ್ತು ನಿಮಿಷಕ್ಕೆ, ಶುಲ್ಕ ಸರಿಯಿಲ್ಲವೆಂದಷ್ಟೇ ಹೇಳಿ, ತಡೆಯಾಗಿ ವಾಪಸು ಬಂತು. ಕೆಲ್ಸಿ ಮತ್ತೆ ಕಳಿಸಿದಳು. ಮತ್ತೆ ತಡೆ. ಷೇರಿನ ಸಂಖ್ಯೆ ನೋಡಿದಳು, ಬೆಲೆಯ ಸರಾಸರಿ ನೋಡಿದಳು, ಖಾತೆಯ ನಂಬರು ಎರಡೆರಡು ಸಲ ಓದಿದಳು. ಎರಡು ಗಂಟೆಯ ಹೊತ್ತಿಗೆ ಅವಳ ಮುಖ ಕುತ್ತಿಗೆಯ ತನಕ ಕೆಂಪೇರಿತ್ತು. ಆಯೋಗಕ್ಕೆ ಫೋನು ಹಚ್ಚಿದರೆ ಬರೀ ಸಂಗೀತ ಕೇಳಿಸುತ್ತಿತ್ತು. ಆರ್ಡಿತ್ ಹಳೆಯ ಕಡತಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದಳು. ಅಂಟಿಸಬೇಕಾದ ಅಗತ್ಯ ಯಾವ ಕಡತಕ್ಕೂ ಇರಲಿಲ್ಲ.

ಎರಡೂವರೆಗೆ ವಾರೆನ್ ಓಡಿಬಂದ. "ಆರ್ಡಿತ್, ದಮ್ಮಯ್ಯ ಅಂತೀನಿ, ಒಂದ್ಸಲ ನೋಡಿ. ಅಧ್ಯಕ್ಷರು ಆಗಲೇ ಹೊರಟಿದಾರೆ."

ಈ ಮಾತಿಗಾಗಿಯೇ ಅವಳು ಆಗಸ್ಟಿನಿಂದ ಕಾದಿದ್ದು. ಕನ್ನಡಕ ಒರೆಸಿ, ನಿಧಾನವಾಗಿ ಎದ್ದು, ಕೆಲ್ಸಿಯ ಕುರ್ಚಿಯಲ್ಲಿ ಕೂತಳು. ದರದ ಸಾಲಿನ ಮೇಲೆ ಬೆರಳಿಟ್ಟು, "ಹಳೇದು. ನಿನ್ನೆಯಿಂದ ಹೊಸದು" ಎಂದಳು. ಕೊರತೆಯ ಹಣ ಕಳಿಸಲು ಬ್ಯಾಂಕಿನಲ್ಲಿ ಯಾರಿಗೆ ಫೋನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು, ಆ ಮನುಷ್ಯನ ಹೆಂಡತಿಯ ಹೆಸರೂ ಗೊತ್ತಿತ್ತು. ಆದರೂ ಹಣ ಅಲ್ಲಿ ಮುಟ್ಟಿ, ಫಾರಂ ಒಳಗೆ ಹೋದಾಗ ನಾಲ್ಕು ಹತ್ತು. ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಅಧ್ಯಕ್ಷರು, ಕಾಗದದಲ್ಲೇನೋ ತೊಡಕಾಗಿದೆ, ನಾಳೆ ನೋಡೋಣ ಎಂದು ಹೇಳಿ ಹೋಗಿದ್ದರು. ಮೊದಲ ಪಾಳಿಯವರು ಬರಿಗೈಯಲ್ಲಿ ಮನೆಗೆ ನಡೆದಿದ್ದರು. 'ನಮಗೆ ಅಂದ್ರೆ ಮಾತ್ರ ತೊಡಕು ಬರುತ್ತೆ ನೋಡಿ' ಎಂದು ಯಾರೋ ಜೋರಾಗಿಯೇ ಹೇಳಿದ್ದು ಮೇಲಿನ ಮಹಡಿಗೂ ಮುಟ್ಟಿತ್ತು.

ವಾರೆನ್ ಉಸಿರು ಬಿಟ್ಟು, ಎಸ್-ಎಂಟರ ದಪ್ಪ ಕಡತವನ್ನು ತಂದು ಆರ್ಡಿತ್‌ಳ ಮೇಜಿನ ಮೇಲಿಟ್ಟ. "ನನ್ನದೇ ತಪ್ಪು. ಇದು ಇಲ್ಲೇ ಇರಬೇಕಾದ್ದು. ಇನ್ಮೇಲೆ ನೀವೇ ನೋಡ್ಕೊಳ್ಳಿ."

ಆರ್ಡಿತ್ ಕಡತದ ಮೇಲೆ ಅಂಗೈ ಇಟ್ಟಳು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು.

ಕೆಲ್ಸಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಅವಳ ದನಿಯಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. "ನಾನು ಎರಡು ಗಂಟೆ ಒದ್ದಾಡಿದೆ ಆರ್ಡಿತ್. ನೀವು ಕೂತ ತಕ್ಷಣ ಹೇಗೆ ಕಂಡುಹಿಡಿದ್ರಿ?"

ಹೊಗಳಿಕೆ ಸಿಹಿಯಾಗಿತ್ತು, ಅದೂ ಆ ಬಾಯಿಂದ. ಆರ್ಡಿತ್ ಉಬ್ಬಿಹೋದಳು. "ಕೂತ ತಕ್ಷಣ ಏನು ಬಂತು! ನೀನು ಶುಕ್ರವಾರ ಬಂದು ಸೋಮವಾರಕ್ಕೆ ಹೋಯ್ತು ಅಂದ್ಯಲ್ಲ, ಆವಾಗಲೇ ಗೊತ್ತಾಯ್ತು ನನಗೆ."

ಆಡಿ ಮುಗಿಸಿದ ಮೇಲೆ ಆ ಮಾತು ಅವಳ ಕಿವಿಗೂ ಬಿತ್ತು.

ಕೆಲ್ಸಿ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಶುಕ್ರವಾರ?" ಎಂದ ವಾರೆನ್.

"ಇವತ್ತು ಬೆಳಿಗ್ಗೆ ಹೇಳೋಣ ಅಂತಲೇ ಬಂದೆ. ನೀವಿಬ್ರೂ ಮಾತಾಡ್ತಾ ಇದ್ರಿ..."

ವಾರೆನ್ ಬೈಯಲಿಲ್ಲ. ಅವಳ ಅಂಗೈ ಕೆಳಗಿನಿಂದ ಕಡತವನ್ನು ಮೆಲ್ಲಗೆ ಎಳೆದುಕೊಂಡು ಕೆಲ್ಸಿಯ ಕೈಗೆ ಕೊಟ್ಟ. "ಮುಂದೆಯೂ ನೀನೇ ಮಾಡು. ತಪ್ಪಾದ್ರೆ ತಪ್ಪಾಗಲಿ, ಕೂತು ತಿದ್ದೋಣ" ಎಂದು ತನ್ನ ಕೋಣೆಗೆ ಹೋದ.

ಮರುದಿನ ಎರಕದ ಮನೆಯವರಿಗೆ ಅವರವರ ಕಾಗದ ಸಿಕ್ಕಿತು. ಲೆರಾಯ್ ಸೂಟು ಹಾಕಿಕೊಂಡು ಬಂದಿರಲಿಲ್ಲ ಎಂದು ಜೀನ್ ಊಟದ ಮೇಜಿನಲ್ಲಿ ಹೇಳಿದ.

ಆರ್ಡಿತ್ ಇನ್ನೂ ಒಂದು ವರ್ಷ ಕೆಲಸದಲ್ಲಿದ್ದಳು. ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ, ಇಲ್ಲ. ಕೆಲ್ಸಿಯ ಮೇಜಿನ ಬಳಿ ವಾರೆನ್ ನಿಂತದ್ದು ಕಂಡಾಗಲೆಲ್ಲ ಅದು ಎದ್ದು ಕೂರುತ್ತಿತ್ತು, ಜೊತೆಗೆ ಈಗ ನಾಚಿಕೆಯೂ ಸೇರಿತ್ತು. ಮುಂದಿನ ಆಗಸ್ಟಿನಲ್ಲಿ ಆಯೋಗ ಹೊಸ ದರ ಪ್ರಕಟಿಸಿದ ಬೆಳಿಗ್ಗೆ, ಬೇರೆ ಯಾರೂ ಬರುವ ಮುನ್ನವೇ ಬಂದು, ಅದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಎಂದಿನಿಂದ ಜಾರಿ ಎಂಬುದಕ್ಕೆ ಎರಡು ಗೆರೆ ಎಳೆದು, ಕೆಲ್ಸಿ ಬಂದೊಡನೆ ತಾನೇ ಕೊಂಡೊಯ್ದು ಕೊಟ್ಟಳು.

"ಥ್ಯಾಂಕ್ಸ್ ಆರ್ಡಿತ್" ಎಂದಳು ಕೆಲ್ಸಿ, ಬಹಳ ಮರ್ಯಾದೆಯಿಂದ. ಆಮೇಲೆ ಹಾಳೆಯನ್ನು ಪಕ್ಕಕ್ಕಿಟ್ಟು, ಆರ್ಡಿತ್ ಇನ್ನೂ ಅಲ್ಲೇ ನಿಂತಿರುವಾಗಲೇ, ಆಯೋಗದ ಪುಟ ತೆರೆದು ಆ ಅಂಕಿಗಳನ್ನು ಒಂದೊಂದಾಗಿ ತಾನೇ ನೋಡಿ ಖಾತ್ರಿ ಮಾಡಿಕೊಂಡಳು.